ಚಿಂಚಿಲ್ಲಾ ಬೆದೆಗೆ ಬಂದಾಗ

ಮಗಳೇ, ನಿನ್ನ ಹೆಣ್ಣು ಚಿಂಚಿಲ್ಲಾ ಇರುವುದು ವಿಶಾಖಪಟ್ಟಣದಲ್ಲಿ, ನಿನ್ನ ತಮ್ಮನ ಗಂಡು ಇರುವುದು ವಿಜಯವಾಡದಲ್ಲಿ. ನಡುವೆ ಸುಮಾರು ಮುನ್ನೂರೈವತ್ತು ಕಿಲೋಮೀಟರು. ಅಕ್ಕತಮ್ಮ ಇಬ್ಬರೂ ಸೇರಿ ಸಂಬಂಧವನ್ನು ಕುದುರಿಸಿಬಿಟ್ಟಿದ್ದೀರಿ, ಮುಹೂರ್ತ ಮಾತ್ರ ದೊಡ್ಡಮ್ಮನನ್ನು ಕೇಳೋಣ ಅಂತ ಫೋನು ಮಾಡಿದ್ದೀರಿ. ಬೆದೆ ಗುರುತಿಸುವುದು ಹೇಗೆ ಅಂತ ಹೇಳಿಕೊಡುತ್ತೇನೆ, ಅದು ನನ್ನ ಕಸುಬು. ಜೋಡಿ ಹಾಕಬೇಕೋ ಬೇಡವೋ ಅನ್ನುವುದು ಬೇರೆ ಮಾತು. ಅದಕ್ಕೆ ನನ್ನ ಉತ್ತರ ಬೇಡ ಅಂತ, ಅದರಲ್ಲೂ ಆ ಎರಡು ಊರುಗಳಲ್ಲಿ ಖಂಡಿತ ಬೇಡ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಆದರೂ ಮುಂದಿನದನ್ನು ಕೇಳು. ಮರಿ ಬೇಡ ಅನ್ನುವವರಿಗೇ ಬೆದೆಯ ತಿಳಿವಳಿಕೆ ಹೆಚ್ಚು ಬೇಕು. ಅದು ಗೊತ್ತಿಲ್ಲದ ಮನೆಯಲ್ಲೇ ಬೇಡದ ಮರಿ ಹುಟ್ಟುವುದು.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ ಹೊರಬಿದ್ದ ಮೇಲೆ ನನ್ನ ಕೆಲಸವೆಲ್ಲ ಹಸು, ಎಮ್ಮೆಗಳ ಹಿಂದೆಯೇ. ಲೇಡಿ ಡಾಕ್ಟರು ಕೊಟ್ಟಿಗೆಗೆ ಬಂದು 'ಯಾವಾಗ ಬೆದೆಗೆ ಬಂತು, ಸೋರ್ತಾ ಇತ್ತಾ?' ಅಂತ ಕೇಳಿದರೆ ಗಂಡಸರು ನೆಲ ನೋಡುತ್ತಿದ್ದರು, ಒಳಗಿನಿಂದ ಹೆಂಗಸರೇ ಬಂದು ಸರಿಯಾದ ಉತ್ತರ ಕೊಡುತ್ತಿದ್ದರು. ಹಸು ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬಂದಾಗ ಊರಿಗೇ ಗೊತ್ತಾಗುವ ಹಾಗೆ ಕೂಗುತ್ತದೆ, ಪಕ್ಕದ ಹಸುವಿನ ಮೇಲೆ ಹಾರುತ್ತದೆ, ಹಾಲು ಇಳಿಸುತ್ತದೆ, ಗಾಜಿನಂಥ ಲೋಳೆ ಬಾಲಕ್ಕೆ ಅಂಟಿರುತ್ತದೆ. ಬೆಳಿಗ್ಗೆ ಕಂಡರೆ ಸಂಜೆಗೆ ಗರ್ಭ ಕಟ್ಟಿಸುವ ಇಂಜೆಕ್ಷನ್, ಸಂಜೆ ಕಂಡರೆ ಮಾರನೇ ಬೆಳಿಗ್ಗೆ. ಎಮ್ಮೆ ಹಾಗಲ್ಲ. ಅದರದು ಮೂಕ ಬೆದೆ. ಬೇಸಿಗೆಯಲ್ಲಂತೂ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ನಿನ್ನ ತಮ್ಮನ ಸುತ್ತಮುತ್ತ, ಕೃಷ್ಣಾ ಜಿಲ್ಲೆಯಲ್ಲಿ, ಮುರ್ರಾ ಎಮ್ಮೆ ಕಟ್ಟಿದ ಯಾವ ರೈತನನ್ನು ಬೇಕಾದರೂ ಕೇಳಲಿ. ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು ದಂಡ ಅನ್ನುವುದು ಅವನಿಗೆ ಬಾಯಿಪಾಠ.

ಚಿಂಚಿಲ್ಲಾ ಎಮ್ಮೆಗಿಂತಲೂ ಗುಟ್ಟಿನದು. ಕೂಗುವುದಿಲ್ಲ, ಹಸುವಿನ ಹಾಗೆ ಸೋರುವುದಿಲ್ಲ. ಹಗಲೆಲ್ಲ ಮಲಗಿ, ನೀನು ದೀಪ ಆರಿಸಿದ ಮೇಲೆ ಎದ್ದು ಓಡಾಡುತ್ತದೆ. ಹಾಗಾಗಿ ಅದರ ಬೆದೆಯನ್ನು ನಡತೆಯಲ್ಲಿ ಹುಡುಕಬೇಡ, ಮೈಯಲ್ಲಿ ಹುಡುಕು.

ಅದಕ್ಕೂ ಮೊದಲು ಗಂಡು ಯಾವುದು, ಹೆಣ್ಣು ಯಾವುದು ಅನ್ನುವುದು ಖಾತ್ರಿಯಾಗಬೇಕು. ಅಂಗಡಿಯವನ ಮಾತನ್ನು ನೆಚ್ಚಬೇಡ. ಚಿಂಚಿಲ್ಲಾದ ಹೆಣ್ಣಿಗೂ ಮುಂದುಗಡೆ ಒಂದು ಸಣ್ಣ ಮೊಳೆಯಂಥ ಮೂತ್ರದ ಮೊನೆ ಇರುತ್ತದೆ. ಗೊತ್ತಿಲ್ಲದವರು ಅದನ್ನೇ ನೋಡಿ ಗಂಡು ಅಂದುಬಿಡುತ್ತಾರೆ. ನೋಡಬೇಕಾದದ್ದು ಆ ಮೊನೆಗೂ ಗುದದ್ವಾರಕ್ಕೂ ನಡುವಿನ ಜಾಗ. ಹೆಣ್ಣಿನಲ್ಲಿ ಎರಡೂ ಒಂದಕ್ಕೊಂದು ತಾಗಿಕೊಂಡ ಹಾಗೆಯೇ ಇರುತ್ತವೆ. ಗಂಡಿನಲ್ಲಿ ನಡುವೆ ಚರ್ಮದ ಒಂದು ಪಟ್ಟಿ ಎದ್ದು ಕಾಣುತ್ತದೆ. ಮೈಕಟ್ಟಿನಲ್ಲಿ ಸಾಮಾನ್ಯವಾಗಿ ಹೆಣ್ಣೇ ದಪ್ಪ, ಹೆಣ್ಣೇ ಜೋರು. 'ಎರಡೂ ಹೆಣ್ಣೇ, ಅಕ್ಕತಂಗಿ' ಅಂತ ಹೇಳಿ ಮಾರಿದ ಜೋಡಿಯಲ್ಲಿ ಒಂದಕ್ಕೆ ಹೊಟ್ಟೆ ಬಂದಮೇಲೆ ನನಗೆ ಫೋನು ಮಾಡಿದವರಿದ್ದಾರೆ. ಆಗ ನಾನು ಬೈಯುವುದೂ ಇಲ್ಲ, ಸಮಾಧಾನ ಹೇಳುವುದೂ ಇಲ್ಲ, ಮೊದಲು ಎರಡನ್ನೂ ಬೇರೆ ಮಾಡಿ ಅನ್ನುತ್ತೇನೆ.

ಈಗ ಬೆದೆಯ ವಿಷಯ. ಹೆಣ್ಣಿನ ಆ ಮೊನೆಗೂ ಗುದಕ್ಕೂ ನಡುವೆ ಯೋನಿಯ ಬಾಗಿಲು ಇದೆ. ಬಾಕಿ ದಿನಗಳಲ್ಲಿ ಅದು ತೆಳ್ಳನೆಯ ಪೊರೆಯಿಂದ ಮುಚ್ಚಿಕೊಂಡಿರುತ್ತದೆ. ತೆರೆದುಕೊಳ್ಳುವುದು ಎರಡೇ ಸಂದರ್ಭದಲ್ಲಿ: ಬೆದೆಗೆ ಬಂದಾಗ, ಮರಿ ಹಾಕುವಾಗ. ಮುಚ್ಚಿದ್ದಾಗ ಅಲ್ಲಿ ಒಂದು ಮಂಕು ಗೆರೆ ಬಿಟ್ಟರೆ ಏನೂ ಕಾಣುವುದಿಲ್ಲ. ತೆರೆದಾಗ ಅಡ್ಡಡ್ಡಕ್ಕೆ ಒಂದು ಸೀಳು, ಸುತ್ತ ಸ್ವಲ್ಪ ಕೆಂಪು, ಒಳಗೆ ತೇವ. ಇಷ್ಟೇ ಗುರುತು. ಇದಕ್ಕಿಂತ ನಂಬಿಕಸ್ಥ ಗುರುತು ಬೇರೆ ಇಲ್ಲ. ನೋಡುವಾಗ ಅದನ್ನು ಅಂಗಾತ ಕೆಡವಬೇಡ, ಹೆದರಿಕೊಳ್ಳುತ್ತದೆ. ಮುಂಗೈ ಮೇಲೆ ಕೂರಿಸಿಕೊಂಡು, ಬಾಲದ ಬುಡವನ್ನು ಮೆತ್ತಗೆ ಎತ್ತಿ, ಇನ್ನೊಬ್ಬರಿಗೆ ಟಾರ್ಚು ಹಿಡಿಯಲು ಹೇಳು. ಬಾಲದ ತುದಿ ಹಿಡಿದು ಎಳೆದರೆ ಕಿತ್ತು ಕೈಗೆ ಬರುತ್ತದೆ. ಮೈಯ ತುಪ್ಪಟ ಹಿಡಿದರೆ ಗೊಂಚಲಾಗಿ ಉದುರಿಸಿ ನುಣುಚಿಕೊಳ್ಳುತ್ತದೆ. ಬೇಟೆ ಪ್ರಾಣಿಯ ಬಾಯಿಗೆ ಬರೀ ಕೂದಲು ಕೊಟ್ಟು ತಾನು ಪಾರಾಗುವ ಉಪಾಯ ಅದು. ನಿನ್ನ ಮೇಲೂ ಪ್ರಯೋಗಿಸುತ್ತದೆ, ಬೇಜಾರು ಮಾಡಿಕೊಳ್ಳಬೇಡ.

ಬಾಗಿಲು ತೆರೆಯುವ ಹೊತ್ತಿಗೆ ಗೂಡಿನ ತಟ್ಟೆಯಲ್ಲಿ ಒಮ್ಮೊಮ್ಮೆ ಮೇಣದಂಥ ಒಂದು ಚಿಕ್ಕ ಬಿರಟೆ ಬಿದ್ದಿರುತ್ತದೆ. ಬಿಳಿ ಅಥವಾ ಹಳದಿ ಛಾಯೆ, ಒಣಗಿದರೆ ಗಟ್ಟಿ. ಬೆಳಿಗ್ಗೆ ಗುಡಿಸುವಾಗ ಹಿಕ್ಕೆಯ ಜೊತೆ ಕಸಕ್ಕೆ ಹೋಗಿಬಿಡುತ್ತದೆ, ಅಥವಾ ಪ್ರಾಣಿಯೇ ತಿಂದುಬಿಡುತ್ತದೆ. ಸಿಕ್ಕಿದರೆ ದಿನಾಂಕ ಬರೆದುಕೊ. ಸಿಗಲಿಲ್ಲ ಅಂದಮಾತ್ರಕ್ಕೆ ಬೆದೆ ಬಂದಿಲ್ಲ ಅಂತಲ್ಲ.

ಎಷ್ಟು ದಿನಕ್ಕೊಮ್ಮೆ ಅಂತ ಕೇಳಿದೆಯಲ್ಲ, ಹಸುವಿನ ಹಾಗೆ ಇಪ್ಪತ್ತೊಂದು ಅಂತ ಗೆರೆ ಎಳೆದು ಹೇಳಲು ಬರುವುದಿಲ್ಲ. ಮೂವತ್ತರಿಂದ ಐವತ್ತು ದಿನ, ಹೆಚ್ಚಿನವಕ್ಕೆ ನಲವತ್ತರ ಆಸುಪಾಸು. ತೆರೆದಿರುವುದು ಎರಡರಿಂದ ನಾಲ್ಕು ದಿನ. ಉತ್ತರಾರ್ಧ ಗೋಳದಲ್ಲಿ ನವೆಂಬರಿನಿಂದ ಮೇವರೆಗೆ ಇದರ ಋತು ಅಂತ ಪುಸ್ತಕಗಳಲ್ಲಿದೆ. ಅದರ ತವರಿನಲ್ಲಿ, ಚಿಲಿ ದೇಶದ ಬೆಟ್ಟಗಳಲ್ಲಿ, ಈ ತಿಂಗಳುಗಳು ತಿರುವುಮುರುವು. ಹಗಲು ಉದ್ದವಾಗುವುದು ಗಿಡ್ಡವಾಗುವುದು ನೋಡಿ ಮೈ ಲೆಕ್ಕ ಹಾಕುವ ಪ್ರಾಣಿ ಅದು. ನಿಮ್ಮ ವಿಶಾಖಪಟ್ಟಣದಲ್ಲಿ ಬೇಸಿಗೆ ಹಗಲಿಗೂ ಚಳಿಗಾಲದ ಹಗಲಿಗೂ ಹೆಚ್ಚು ವ್ಯತ್ಯಾಸವಿಲ್ಲ, ಮೇಲಿಂದ ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟು ಉರಿಯುತ್ತಿರುತ್ತದೆ. ಆದ್ದರಿಂದ ಇದು ಋತುವಲ್ಲ, ಈಗ ಒಟ್ಟಿಗೆ ಬಿಟ್ಟರೂ ಪರವಾಗಿಲ್ಲ ಅಂತ ಕ್ಯಾಲೆಂಡರ್ ನೆಚ್ಚಿ ಕೂರಬೇಡ. ನಿನ್ನ ಹೆಣ್ಣಿನದೇ ಒಂದು ನೋಟ್‌ಪುಸ್ತಕ ಮಾಡು. ಮೂರು ನಾಲ್ಕು ಸುತ್ತು ಬರೆದ ಮೇಲೆ ಅದರ ಲಯ ಯಾವುದು ಅನ್ನುವುದು ತಾನೇ ಕಾಣುತ್ತದೆ.

ನಡತೆಯಲ್ಲಿ ಏನೂ ಕಾಣುವುದೇ ಇಲ್ಲ ಅಂತಲ್ಲ. ಕೆಲವು ಹೆಣ್ಣು ಆ ದಿನಗಳಲ್ಲಿ ಚಡಪಡಿಸುತ್ತವೆ, ಗೂಡಿನ ಮೂಲೆ ಕೆರೆಯುತ್ತವೆ, ಮೈ ಮುಟ್ಟಿದರೆ ಕಚ್ಚಲು ಬರುತ್ತವೆ. ಹಿಂಗಾಲ ಮೇಲೆ ನಿಂತು ಗುರಿಯಿಟ್ಟು ಉಚ್ಚೆ ಚಿಮ್ಮಿಸುವುದೂ ಉಂಟು, ಕನ್ನಡಕ ಹಾಕಿಕೊಂಡೇ ಹತ್ತಿರ ಹೋಗು. ಇನ್ನು ಕೆಲವು ಎಂದಿನಂತೆ ಹುಲ್ಲು ತಿಂದು ಮಲಗಿರುತ್ತವೆ. ಪಕ್ಕದ ಗೂಡಿನಲ್ಲಿ ಗಂಡಿದ್ದರೆ ಅದೇ ಹೇಳಿಬಿಡುತ್ತದೆ: ಬಾಲ ಆಡಿಸುತ್ತ, ಗುಟುರಿನಂಥ ಸಣ್ಣ ದನಿ ತೆಗೆಯುತ್ತ, ಆ ಕಡೆಯ ಸರಳಿಗೆ ಮೂಗು ಒತ್ತಿಕೊಂಡು ಕೂತಿರುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಬಾಗಿಲು ವಾರ ದಾಟಿದರೂ ತೆರೆದೇ ಇದ್ದರೆ, ಕೀವಿನಂಥದ್ದು ಸೋರಿದರೆ, ವಾಸನೆ ಬಂದರೆ, ರಕ್ತ ಕಂಡರೆ ಅದು ಬೆದೆಯಲ್ಲ. ಗರ್ಭಕೋಶಕ್ಕೆ ಸೋಂಕು ತಗುಲಿರಬಹುದು, ಮೂತ್ರಕೋಶದ ತೊಂದರೆಯಿರಬಹುದು. ಇಂಥ ಸಣ್ಣ ಪ್ರಾಣಿಗಳು ಕಾಯಿಲೆಯನ್ನು ಕೊನೆಯವರೆಗೂ ಬಚ್ಚಿಡುತ್ತವೆ. ತಿನ್ನುವುದು ಬಿಟ್ಟು ಹಿಕ್ಕೆ ಸಣ್ಣಗಾಯಿತು ಅಂದರೆ ಆಗಲೇ ತಡವಾಗಿದೆ. ನಾಳೆ ನೋಡೋಣ ಅನ್ನಬೇಡ. ಬೆದೆಯ ಗುರುತು ಕಲಿಯುವುದರ ನಿಜವಾದ ಲಾಭ ಇದೇ. ಸರಿಯಿದ್ದಾಗ ಹೇಗಿರುತ್ತದೆ ಅಂತ ನೋಡಿಟ್ಟುಕೊಂಡವರಿಗೆ ಮಾತ್ರ ಸರಿಯಿಲ್ಲದ್ದು ಕಾಣುವುದು.

ಜೋಡಿ ಆದದ್ದು ಹೇಗೆ ಗೊತ್ತಾಗುತ್ತದೆ? ರಾತ್ರಿ ನಡೆಯುವ ವಿದ್ಯಮಾನ, ನೀನು ನೋಡುವುದಿಲ್ಲ. ಬೆಳಿಗ್ಗೆ ಗೂಡಿನಲ್ಲಿ ತುಪ್ಪಟದ ಗೊಂಚಲುಗಳು ಉದುರಿರುತ್ತವೆ. ಹುಡುಕಿದರೆ ಇನ್ನೊಂದು ಬಿರಟೆ ಸಿಗುತ್ತದೆ. ಇದು ಬೆದೆಯದಕ್ಕಿಂತ ದೊಡ್ಡದು, ಒಂದಿಂಚಿನಷ್ಟು ಉದ್ದ. ಗಂಡಿನ ದ್ರವ ಹೆಪ್ಪುಗಟ್ಟಿ ಆದದ್ದು. ಕೂಡಿದ ಮೇಲೆ ಗಂಡು ಬಿಕ್ಕಳಿಸಿದಂತೆ ಸದ್ದು ಮಾಡುತ್ತದೆ ಅಂತ ಸಾಕಿದವರು ಹೇಳುತ್ತಾರೆ. ಬಿರಟೆ ಸಿಕ್ಕಿದ ದಿನದಿಂದ ನೂರ ಹನ್ನೊಂದು ದಿನ ಎಣಿಸು. ಇಷ್ಟು ಸಣ್ಣ ಪ್ರಾಣಿಗೆ ಇಷ್ಟು ದೀರ್ಘ ಗರ್ಭ ಅಪರೂಪ. ಇಲಿ ಮೂರು ವಾರಕ್ಕೆ ಈಯುತ್ತದೆ, ಮೊಲ ಒಂದು ತಿಂಗಳಿಗೆ. ಚಿಂಚಿಲ್ಲಾ ಮೂರೂಮುಕ್ಕಾಲು ತಿಂಗಳು ಹೊರುತ್ತದೆ.

ಈ ನೂರ ಹನ್ನೊಂದನ್ನು ನಿಮ್ಮ ಆಂಧ್ರದ ಪಂಚಾಂಗದ ಪಕ್ಕ ಇಟ್ಟು ನೋಡು. ಸಂಕ್ರಾಂತಿಗೆ ಕೂಡಿದರೆ ಮೇ ಮೊದಲ ವಾರಕ್ಕೆ ಮರಿ. ಶಿವರಾತ್ರಿ ಹೊತ್ತಿಗೆ ಕೂಡಿದರೆ ಜೂನಿಗೆ. ತುಂಬು ಬಸುರಿಯ ಕೊನೆಯ ತಿಂಗಳು ಪೂರ್ತಿ ಏಪ್ರಿಲ್, ಮೇ ಬಿಸಿಲಿನಲ್ಲಿ. ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲೂ ಬಿರಿಯುತ್ತದೆ ಅಂತ ತೆಲುಗರು ಸುಮ್ಮನೆ ಹೇಳುವುದಿಲ್ಲ. ವಿಜಯವಾಡದಲ್ಲಿ ಮೇ ತಿಂಗಳು 40 ಡಿಗ್ರಿ ದಾಟುವುದು ಮಾಮೂಲು, 45ರ ಆಚೆಗೂ ಹೋದದ್ದಿದೆ. ಊರಿನ ಹಳೆಯ ಹೆಸರಾದ ಬೆಜವಾಡವನ್ನು ಜನ ಬ್ಲೇಜ್‌ವಾಡ ಮಾಡಿರುವುದು ಅದಕ್ಕೇ. ವಿಶಾಖಪಟ್ಟಣದಲ್ಲಿ ಅಷ್ಟು ಏರುವುದಿಲ್ಲ, ಆದರೆ ಕಡಲ ಕಡೆಯ ಸೆಕೆ ಇದೆಯಲ್ಲ, ಒಗೆದ ಬಟ್ಟೆ ಒಣಗದ ಸೆಕೆ, ಅದು ಈ ಪ್ರಾಣಿಗೆ ಒಣ ಬಿಸಿಲಿನಷ್ಟೇ ಕೆಟ್ಟದ್ದು. ಆಂಡಿಸ್ ಬೆಟ್ಟದ ಒಣ ತಂಪಿಗೆ ಹೊಂದಿಕೊಂಡ ಮೈ. ನಮ್ಮ ತಲೆಯಲ್ಲಿ ಒಂದು ರಂಧ್ರಕ್ಕೆ ಒಂದೆರಡು ಕೂದಲು ಇದ್ದರೆ ಅದಕ್ಕೆ ಅರವತ್ತರವರೆಗೆ. ಬೆವರುವುದಂತೂ ಇಲ್ಲ, ಶಾಖ ಹೊರಹೋಗುವುದು ಮುಖ್ಯವಾಗಿ ಆ ದೊಡ್ಡ ಕಿವಿಗಳ ಮೂಲಕ. ಇಪ್ಪತ್ತರ ಆಸುಪಾಸು ಅದಕ್ಕೆ ಹಿತ. ಇಪ್ಪತ್ತೈದು ದಾಟಿದರೆ ಕಷ್ಟ ಶುರು, ಇಪ್ಪತ್ತೆಂಟು ದಾಟಿದರೆ ಪ್ರಾಣಕ್ಕೆ ಅಪಾಯ. ಕಿವಿ ಕೆಂಪಾಗಿ ನರ ಉಬ್ಬಿದ್ದರೆ, ಬಾಯಿ ತೆರೆದು ಏದುಸಿರು ಬಿಟ್ಟರೆ, ಜೊಲ್ಲು ಸುರಿದರೆ, ಪಕ್ಕಕ್ಕೆ ಒರಗಿ ಎದ್ದೇಳದಿದ್ದರೆ ತಂಪು ಕೋಣೆಗೆ ಒಯ್ದು, ಕಿವಿಗೆ ಒದ್ದೆ ಬಟ್ಟೆ ಮುಟ್ಟಿಸುತ್ತ ಡಾಕ್ಟರ ಹತ್ತಿರ ಓಡು. ತಣ್ಣೀರಿನಲ್ಲಿ ಅದ್ದಬೇಡ. ಬಸುರಿಯಾದರೆ ಹೊಟ್ಟೆಯೊಳಗಿನ ಮರಿಗಳ ಶಾಖವೂ ಸೇರಿಕೊಂಡಿರುತ್ತದೆ.

ಏಸಿ ಇದೆಯಲ್ಲ ದೊಡ್ಡಮ್ಮ ಅನ್ನುತ್ತೀ. ಇದೆ. ಕರೆಂಟು ಇರುತ್ತದಾ? 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣದ ಮೇಲೇ ಬಂದು ಅಪ್ಪಳಿಸಿದಾಗ ಊರಿಗೆ ಊರೇ ದಿನಗಟ್ಟಲೆ ಕತ್ತಲಲ್ಲಿತ್ತು. ನೀನಾಗ ಚಿಕ್ಕವಳು, ಬೆಂಗಳೂರಿನಲ್ಲಿದ್ದೆ. ಹತ್ತು ವರ್ಷದ ಮೇಲೆ, 2024ರ ಸೆಪ್ಟೆಂಬರಿನಲ್ಲಿ, ಬುಡಮೇರು ಉಕ್ಕಿ ವಿಜಯವಾಡದ ಸಿಂಗ್‌ನಗರ ಕಡೆ ಮನೆಗಳ ಮೊದಲ ಅಂತಸ್ತಿನವರೆಗೆ ನೀರು ನಿಂತದ್ದನ್ನು ನಿನ್ನ ತಮ್ಮನೇ ನೋಡಿದ್ದಾನೆ. ಜನರಿಗೇ ದೋಣಿಯಲ್ಲಿ ಹಾಲಿನ ಪ್ಯಾಕೆಟ್ಟು ತಲುಪಿಸಬೇಕಾಗಿತ್ತು. ಒಂದು ಪ್ರಾಣಿಯಾದರೆ ಹೇಗೋ ಬುಟ್ಟಿಯಲ್ಲಿಟ್ಟುಕೊಂಡು ನೆಂಟರ ಮನೆಗೆ ಹೋಗಬಹುದು. ತಾಯಿ, ಎರಡು ವಾರದ ಮರಿಗಳು, ಬೇರೆ ಗೂಡಿನಲ್ಲಿಡಬೇಕಾದ ಗಂಡು, ಇಷ್ಟು ಸಂಸಾರ ಹೊತ್ತು ಎಲ್ಲಿಗೆ ಹೋಗುತ್ತೀ? ದೀಪಾವಳಿಗೆ ಜೋಡಿ ಹಾಕಿ ಫೆಬ್ರವರಿಗೆ ಮರಿ ಬರುವ ಹಾಗೆ ಮಾಡಬಹುದಲ್ಲ ಅಂತ ನಿನ್ನ ತಮ್ಮ ಲೆಕ್ಕ ಹಾಕಿದ್ದಾನೆ. ಲೆಕ್ಕ ಸರಿ. ಆದರೆ ಮರಿ ಹಾಲು ಬಿಡಲು ಎಂಟು ವಾರ ಬೇಕು, ಅಷ್ಟರಲ್ಲಿ ಏಪ್ರಿಲ್. ಅಂಥ ಮರಿಯನ್ನು ಏಪ್ರಿಲಿನಲ್ಲಿ ಯಾರ ಮನೆಗೆ ಕಳಿಸುತ್ತಾನೆ? ಅವರ ಮನೆಯಲ್ಲಿ ಹದಿನೈದು ವರ್ಷ ಏಸಿ ಓಡುತ್ತದೆಯೇ? ಈ ಪ್ರಾಣಿ ಚೆನ್ನಾಗಿ ನೋಡಿಕೊಂಡರೆ ಅಷ್ಟು ಕಾಲ ಬದುಕುತ್ತದೆ, ಗೊತ್ತಿರಲಿ.

ಇದರ ಕಥೆಯಲ್ಲಿ ಮನುಷ್ಯರ ಪಾಲೇನೂ ಚಂದವಾಗಿಲ್ಲ. ತುಪ್ಪಟಕ್ಕಾಗಿ ಲಕ್ಷಗಟ್ಟಲೆ ಕೊಂದರು. ಬೇಟೆ ನಿಲ್ಲಿಸೋಣ ಅಂತ ಚಿಲಿ, ಬೊಲಿವಿಯಾ, ಪೆರು, ಅರ್ಜೆಂಟೀನಾ 1910ರಲ್ಲಿ ಒಪ್ಪಂದ ಮಾಡಿಕೊಳ್ಳುವ ಹೊತ್ತಿಗೆ ಕಾಡಿನಲ್ಲಿ ಉಳಿದದ್ದೇ ಅಷ್ಟಿಷ್ಟು. ಮಥಾಯಸ್ ಚಾಪ್‌ಮನ್ ಎಂಬ ಅಮೆರಿಕದ ಗಣಿ ಎಂಜಿನಿಯರು 1923ರಲ್ಲಿ ಹನ್ನೊಂದೋ ಹನ್ನೆರಡೋ ಪ್ರಾಣಿಗಳನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದ. ಬೆಟ್ಟದಿಂದ ನಿಧಾನಕ್ಕೆ ಕೆಳಗಿಳಿಸಿ, ಹಡಗಿನಲ್ಲಿ ಮಂಜುಗಡ್ಡೆ ಇಟ್ಟು ತಂಪು ಕಾಯ್ದು ಒಯ್ದನಂತೆ. ಇವತ್ತು ಸಾಕುವ ಚಿಂಚಿಲ್ಲಾಗಳ ಮೂಲ ಹೆಚ್ಚಾಗಿ ಆ ಹಿಂಡೇ. ಚಾಪ್‌ಮನ್‌ಗೆ ಬೇಕಾಗಿದ್ದದ್ದೂ ತುಪ್ಪಟದ ವ್ಯಾಪಾರವೇ, ಮುದ್ದು ಮಾಡಲಿಕ್ಕಲ್ಲ. ನಮ್ಮ ದೇಶ ಚಿಂಚಿಲ್ಲಾ ತುಪ್ಪಟದ ಆಮದನ್ನು ನಿಷೇಧಿಸಿದ್ದು 2017ರ ಜನವರಿಯಲ್ಲಿ. ಕಾಡಿನದು ಇವತ್ತಿಗೂ ಅಳಿವಿನಂಚಿನಲ್ಲೇ ಇದೆ. ಮನೆಯಲ್ಲಿ ಮರಿ ಮಾಡಿದರೆ ಸಂತತಿ ಉಳಿಸಿದ ಪುಣ್ಯ ಬರುತ್ತದೆ ಅಂತ ನೀನು ಅಂದೆಯಲ್ಲ, ಅದು ಹಾಗಲ್ಲ ಮಗಳೇ. ಸಾಕುತಳಿಯ ಮರಿ ಚಿಲಿಯ ಇಲ್ಲಪೆಲ್‌ನ ಬೆಟ್ಟಕ್ಕೆ ಹೋಗುವುದಿಲ್ಲ, ನಿನ್ನ ಸೀತಮ್ಮಧಾರದ ಫ್ಲ್ಯಾಟಿನಲ್ಲೇ ಇರುತ್ತದೆ.

ಇಷ್ಟೆಲ್ಲ ಹೇಳಿದರೂ ಒಂದು ವೇಳೆ ಅದು ಬಸುರಿಯಾಗಿಯೇ ನಿನ್ನ ಕೈಗೆ ಬಂದಿದ್ದರೆ? ಅಂಗಡಿಯಲ್ಲಿ ಗಂಡುಹೆಣ್ಣು ಒಂದೇ ಗೂಡಿನಲ್ಲಿದ್ದರೆ ಅದು ಆಗುವ ಮಾತೇ. ಅದಕ್ಕೇ ತೂಕದ ಪುಸ್ತಕ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಡಬ್ಬಿ ಇಟ್ಟು, ಅದರೊಳಗೆ ಕೂರಿಸಿ, ವಾರಕ್ಕೊಮ್ಮೆ ಒಂದೇ ಹೊತ್ತಿಗೆ ತೂಗು. ಮೊದಲ ಆರು ವಾರ ಏನೂ ತಿಳಿಯುವುದಿಲ್ಲ. ಆಮೇಲೆ ತೂಕ ಬಿಡದೆ ಏರುತ್ತದೆ. ಎರಡು ತಿಂಗಳ ಹೊತ್ತಿಗೆ ಮೊಲೆತೊಟ್ಟು ಕೆಂಪಾಗಿ ಉದ್ದವಾಗುತ್ತವೆ. ಕೊನೆಯಲ್ಲಿ ಪಕ್ಕಕ್ಕೆ ಒರಗಿ ಮಲಗುವುದು ಹೆಚ್ಚು, ನೆಗೆಯುವುದು ಕಡಿಮೆ. ಹೊಟ್ಟೆ ಒತ್ತಿ ಮರಿ ಎಣಿಸಲು ಹೋಗಬೇಡ. ಹಸುವಿಗೆ ಕೈ ಹಾಕಿ ಗಬ್ಬ ನೋಡುತ್ತಿದ್ದ ನನಗೇ ಈ ಪ್ರಾಣಿಯ ಹೊಟ್ಟೆ ಮುಟ್ಟಲು ಭಯ. ಸ್ಕ್ಯಾನ್ ಮಾಡುವ ಡಾಕ್ಟರಿಗೆ ಬಿಡು. ಮೇವು ಹೇಳುವುದಾದರೆ ಒಳ್ಳೆಯ ಟಿಮೋತಿ ಒಣಹುಲ್ಲು ಎಂದಿನಂತೆ, ಬಸುರಿಗೂ ಹಾಲೂಡುವುದಕ್ಕೂ ಜೊತೆಗೆ ಸ್ವಲ್ಪ ಒಣಗಿಸಿದ ಕುದುರೆ ಮಸಾಲೆ ಸೊಪ್ಪು. ಅಜ್ಜಿಯಂದಿರ ಹಾಗೆ ಬಾಣಂತಿಗೆ ಅಂತ ದ್ರಾಕ್ಷಿ, ಗೋಡಂಬಿ ಕೊಟ್ಟು ಅದರ ಹೊಟ್ಟೆ ಕೆಡಿಸಬೇಡ.

ಈಯುವುದು ಸಾಮಾನ್ಯವಾಗಿ ಬೆಳಗಿನ ಜಾವ. ಒಂದು, ಎರಡು ಮರಿ, ಅಪರೂಪಕ್ಕೆ ಮೂರು ನಾಲ್ಕು. ಇಲಿಮರಿಯ ಹಾಗೆ ಬರಿಮೈಯ ಕುರುಡು ಮರಿಯಲ್ಲ. ಕಣ್ಣು ಬಿಟ್ಟುಕೊಂಡು, ತುಪ್ಪಟ ತೊಟ್ಟುಕೊಂಡು, ಹಲ್ಲು ಮೂಡಿಸಿಕೊಂಡೇ ಬರುತ್ತದೆ, ಗಂಟೆಯೊಳಗೆ ಓಡಾಡುತ್ತದೆ. ತಾಯಿ ಮಾಸು ತಿನ್ನುತ್ತದೆ, ಅದರ ಮೂತಿ, ಕೈಯೆಲ್ಲ ರಕ್ತವಾಗಿರುತ್ತದೆ, ಹೆದರಬೇಡ. ತಿಣುಕಲು ಶುರುವಾಗಿ ನಾಲ್ಕು ಗಂಟೆಯಾದರೂ ಮರಿ ಬರದಿದ್ದರೆ ಹೆದರು. ಕೆಳಗಿನ ಬಾಗಿಲು ಮುಚ್ಚಿಕೊಳ್ಳುವವರೆಗೆ, ಸುಮಾರು ಒಂದು ವಾರ, ಧೂಳುಸ್ನಾನದ ಬಟ್ಟಲು ಇಡಬೇಡ, ಬೂದಿಪುಡಿ ಒಳಗೆ ಹೋಗಿ ಸೋಂಕಾಗುತ್ತದೆ. ಮರಿಗಳನ್ನು ದಿನಾ ತೂಗು. ಮೂವತ್ತರಿಂದ ಅರವತ್ತು ಗ್ರಾಂ ಇರುತ್ತವೆ. ಮೊದಲ ದಿನ ಒಂದಿಷ್ಟು ಇಳಿದರೆ ಪರವಾಗಿಲ್ಲ, ಎರಡನೇ ಮೂರನೇ ದಿನವೂ ಇಳಿದರೆ ಹಾಲು ಸಾಲುತ್ತಿಲ್ಲ ಅಂತ ಅರ್ಥ.

ಇಲ್ಲೇ ಎಲ್ಲರೂ ಎಡವುವುದು: ಈದ ದಿನವೇ ಅದು ಮತ್ತೆ ಬೆದೆಗೆ ಬರುತ್ತದೆ. ಗಂಡು ಅದೇ ಗೂಡಿನಲ್ಲಿದ್ದರೆ ಮರಿ ಮೈ ಒಣಗಿಸಿಕೊಳ್ಳುವುದರೊಳಗೆ ತಾಯಿ ಮತ್ತೆ ಬಸುರಿ. ಒಂದು ಕಡೆ ಹಾಲೂಡುವುದು, ಇನ್ನೊಂದು ಕಡೆ ಹೊಟ್ಟೆಯಲ್ಲಿ ಹೊಸ ಮರಿ, ಎಲುಬು ಸವೆಯುತ್ತದೆ. ಹಾಗೆಯೇ ಗಂಡುಮರಿ ಎಂಟು ವಾರಕ್ಕೇ ಬೀಜಕ್ಕೆ ಬಂದುಬಿಡಬಹುದು, ಅದಕ್ಕೆ ತಾಯಿ, ತಂಗಿ ಅನ್ನುವ ಭೇದ ಇಲ್ಲ. ಹಾಲು ಬಿಟ್ಟ ದಿನವೇ ಬೇರೆ ಗೂಡು. ನಾನು ಹೇಳಿದ ಆ 'ಅಕ್ಕತಂಗಿ' ಜೋಡಿಗಳ ಕಥೆ ಹುಟ್ಟುವುದು ಇಲ್ಲೇ.

ಯಾವುದಕ್ಕೆ ಜೋಡಿ ಹಾಕಲೇಬಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ, ನಿನ್ನ ಸ್ನೇಹಿತರ ಬಳಗಕ್ಕೆ ಉಪಯೋಗಕ್ಕೆ ಬಂದೀತು. ಎಂಟು ಒಂಬತ್ತು ತಿಂಗಳು ತುಂಬದ, ಅರ್ಧ ಕೆಜಿ ತೂಗದ ಹೆಣ್ಣು ಬೇಡ, ಎಲುಬು ಬೆಳೆದಿರುವುದಿಲ್ಲ. ಹಲ್ಲು ವಕ್ರ ಬೆಳೆಯುವ ಮನೆತನದ್ದು ಬೇಡ. ಇದರ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ, ಒಂದಕ್ಕೊಂದು ಉಜ್ಜಿ ಸವೆಯದಿದ್ದರೆ ದವಡೆಯೊಳಗೇ ಬೇರು ಇಳಿಸಿ ಉಣ್ಣಲು ಬಿಡುವುದಿಲ್ಲ. ಆ ದೋಷ ಮರಿಗೂ ಹೋಗುತ್ತದೆ. ಬಣ್ಣದ ಹುಚ್ಚಿನವರು ಬಿಳಿಗೆ ಬಿಳಿ, ವೆಲ್ವೆಟ್‌ಗೆ ವೆಲ್ವೆಟ್ ಕೂಡಿಸುತ್ತಾರೆ. ಎರಡೂ ಕಡೆಯಿಂದ ಆ ವಂಶವಾಹಿ ಬಂದ ಭ್ರೂಣ ಉಳಿಯುವುದಿಲ್ಲ, ಹೊಟ್ಟೆಯಲ್ಲೇ ಹೋಗುತ್ತದೆ. ಅಂಗಡಿಯಿಂದ ತಂದ, ತಂದೆತಾಯಿ ಯಾರೆಂದು ಗೊತ್ತಿಲ್ಲದ ನಿಮ್ಮ ಎರಡಕ್ಕೂ ಈ ವಂಶಾವಳಿ ಯಾರ ಹತ್ತಿರವೂ ಇಲ್ಲ. ಅಣ್ಣತಂಗಿಯೇ ಇರಬಹುದು.

ಕಾಗದಪತ್ರದ ವಿಷಯವನ್ನೂ ಹಗುರ ಮಾಡಬೇಡ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂತು. ಅದರ ಕೆಳಗೆ 2024ರಲ್ಲಿ ಬಂದ ನಿಯಮದ ಪ್ರಕಾರ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಪಟ್ಟಿಯ ವಿದೇಶಿ ಪ್ರಾಣಿ ಸಾಕುವವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಮರಿಯಾದರೂ ತಿಳಿಸಬೇಕು. ಸಾಕುತಳಿಯ ಚಿಂಚಿಲ್ಲಾವನ್ನು ಸೈಟಿಸ್ ಹೊರಗಿಟ್ಟಿದೆ ನಿಜ. ಆದರೂ ಕೊಂಡ ಬಿಲ್ಲು ಜೋಪಾನವಾಗಿಟ್ಟುಕೊಂಡು, ಅರಣ್ಯ ಇಲಾಖೆಯ ಕಚೇರಿಯಲ್ಲಿ ಒಂದು ಮಾತು ಕೇಳಿ ಬಾ. ಮರಿ ಮಾಡಿ ಮಾರುವ ಯೋಚನೆ ನಿನ್ನ ತಮ್ಮನ ತಲೆಯಲ್ಲಿದ್ದರೆ, 2018ರ ಸಾಕುಪ್ರಾಣಿ ಅಂಗಡಿ ನಿಯಮದಂತೆ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇಲ್ಲದೆ ಆ ವ್ಯಾಪಾರ ನಡೆಯುವುದಿಲ್ಲ ಅಂತ ನಾನು ಹೇಳಿದೆ ಅನ್ನು.

ಇನ್ನು ಅವನ ಗಂಡು. ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತೇನೆ ಅಂತಾನಂತೆ. ರೈಲು ತಡವಾಗಿ ತುನಿ ಹತ್ತಿರ ಬಿಸಿಲಲ್ಲಿ ನಿಂತರೆ ಏನು ಮಾಡುತ್ತಾನೆ? ತಂದರೂ ಬೆದೆಯಿಲ್ಲದ ಹೆಣ್ಣಿನ ಗೂಡಿಗೆ ಅಪರಿಚಿತ ಗಂಡನ್ನು ಬಿಟ್ಟರೆ ಅದು ಕಚ್ಚಿ ಕೊಂದೇಬಿಡಬಹುದು, ಈ ಜಾತಿಯಲ್ಲಿ ಹೆಣ್ಣಿನ ಕೈಯೇ ಮೇಲು. ಎರಡೂ ಒಟ್ಟಿಗಿರಲಿ, ಒಂಟಿ ಬೇಡ ಅನ್ನುವುದೇ ನಿಮ್ಮ ಆಸೆಯಾದರೆ ಅದಕ್ಕೆ ದಾರಿ ಇದೆ. ಗಂಡಿನ ಬೀಜ ತೆಗೆಸಿ. ಹೆಣ್ಣಿನ ಹೊಟ್ಟೆ ಕೊಯ್ಯುವುದಕ್ಕಿಂತ ಸುಲಭದ ಆಪರೇಷನ್. ಆದರೆ ಮತ್ತು ಕೊಡುವ ಕೈ ಪಳಗಿರಬೇಕು. ವಿಜಯವಾಡಕ್ಕೆ ಹತ್ತಿರ ಗನ್ನವರಂನಲ್ಲಿ ಎನ್‌ಟಿಆರ್ ಪಶುವೈದ್ಯಕೀಯ ಕಾಲೇಜು ಇದೆ, ಮೊದಲು ಅಲ್ಲಿ ವಿಚಾರಿಸಲಿ. ಮೊಲ, ಗಿನಿಪಿಗ್ಗಿನಂಥ ಸಣ್ಣ ಪ್ರಾಣಿಗೆ ಎಷ್ಟು ಆಪರೇಷನ್ ಮಾಡಿದ್ದೀರಿ ಅಂತ ಯಾವ ಡಾಕ್ಟರನ್ನಾದರೂ ನೇರವಾಗಿ ಕೇಳಲಿ, ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ. ಆಪರೇಷನ್ ಆದ ಕೂಡಲೇ ಜೊತೆ ಬಿಡಬೇಡಿ, ಆರು ವಾರದವರೆಗೂ ಬೀಜದ ಶಕ್ತಿ ಉಳಿದಿರಬಹುದು. ಆಮೇಲೆ ಎರಡು ಗೂಡು ಅಕ್ಕಪಕ್ಕ ಇಟ್ಟು, ಒಂದರ ಧೂಳುಸ್ನಾನದ ಬಟ್ಟಲನ್ನು ಇನ್ನೊಂದಕ್ಕೆ ಕೊಟ್ಟು, ವಾಸನೆ ಪರಿಚಯವಾದ ಮೇಲೆ ನಿನ್ನ ಕಣ್ಣೆದುರಿಗೇ ಬಿಡು. ಇದನ್ನೆಲ್ಲ ಡಿಸೆಂಬರಿನ ತಂಪಿನಲ್ಲಿ ಮಾಡಿ.

ಅಲ್ಲಿಯವರೆಗೆ ಅವನಿಗೆ ಒಂದು ಕೆಲಸ ಹೇಳು. ತಿಂಗಳಿಗೊಮ್ಮೆ ಗಂಡಿನ ಶಿಶ್ನದ ಚರ್ಮ ಮೆತ್ತಗೆ ಹಿಂದೆ ಸರಿಸಿ ನೋಡಲಿ. ಉದುರಿದ ತುಪ್ಪಟ ಸುತ್ತಿಕೊಂಡು ಉಂಗುರದ ಹಾಗೆ ಬಿಗಿದಿದ್ದರೆ ಉಚ್ಚೆ ಕಟ್ಟಿ ಪ್ರಾಣಕ್ಕೇ ಬರುತ್ತದೆ. ಶುದ್ಧವಾದ ಜಾರುಜೆಲ್ಲಿ ಹಚ್ಚಿ ಸಡಿಲಿಸಬಹುದು, ಊದಿಕೊಂಡಿದ್ದರೆ ಕೈ ಹಾಕದೆ ಡಾಕ್ಟರ ಹತ್ತಿರ ಒಯ್ಯಲಿ. ಹುಡುಗ ನಾಚಿಕೊಂಡಾನು, ನಾಚಿಕೊಳ್ಳಲಿ, ನೋಡುವುದು ಬಿಡಬಾರದು. ನೀನು ಈ ಭಾನುವಾರವೇ ತೂಕ ತೆಗೆದು, ಬಾಗಿಲು ಮುಚ್ಚಿದೆಯೋ ತೆರೆದಿದೆಯೋ ಬರೆದು, ಆ ಪುಟದ ಫೋಟೋ ನನಗೆ ಕಳಿಸು. ಅಂಗಡಿಯಿಂದ ತಂದ ತಾರೀಕನ್ನೂ ಮೇಲೆ ಬರೆದಿರು, ಆ ದಿನದಿಂದ ನೂರ ಹನ್ನೊಂದು ಕಳೆದಿದೆಯೋ ಇಲ್ಲವೋ ನಾನು ಲೆಕ್ಕ ಹಾಕುತ್ತೇನೆ.